ಲ್ಯಾಪ್‌ಟಾಪಿನ ಪದ ಕಾರಿನ ಸ್ಪೀಕರಿಗೆ ಬರಲು ಹಿಡಿದ ಇಪ್ಪತ್ತಮೂರು ದಿನ

ಲ್ಯಾಪ್‌ಟಾಪನ್ನು ಕಾರಿನ ಸ್ಟೀರಿಯೊಗೆ ಜೋಡಿಸುವುದೆಂದರೆ ಒಂದು ಕೇಬಲ್ಲಿನ ಕೆಲಸ, ಐದು ನಿಮಿಷದ ಮಾತು ಎಂದೇ ನಾನು ತಿಳಿದಿದ್ದೆ. ಫೆಬ್ರುವರಿ ಕೊನೆಯ ವಾರದಲ್ಲಿ ಶುರುವಾದ ಆ ಕೆಲಸ ಮುಗಿದದ್ದು ಮಾರ್ಚ್ ನಡುವಿನಲ್ಲಿ. ಅಷ್ಟರಲ್ಲಿ ಎರಡು ಸಲ ಬಳ್ಳಾರಿಗೆ, ಒಂದು ಸಲ ಹೊಸಪೇಟೆಗೆ ಹೋಗಿ ಬಂದಿದ್ದೆ. ಬೇಡದ ಕೇಬಲ್ಲುಗಳು ಮೇಜಿನ ಖಾನೆ ತುಂಬಿದ್ದವು. ಒಂದು ವಾರಕ್ಕೂ ಹೆಚ್ಚು ಕಾಲ ಕಾರಿನ ರೇಡಿಯೊ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡು ಕುಳಿತಿತ್ತು. ಮೊನ್ನೆಯಷ್ಟೇ ಎಲ್ಲ ಸರಿಹೋಗಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಟ್ಟರೆ, ಇದೇ ದಾರಿ ಹಿಡಿದವರಿಗೆ ನನ್ನಷ್ಟು ಅಲೆದಾಟವಾದರೂ ತಪ್ಪೀತು.

ನಾನು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದವನು. ಹಗಲು ಲೆಕ್ಕಪತ್ರ ಬರೆಯುವ ನೌಕರಿ; ಸಂಜೆ ಮತ್ತು ರವಿವಾರ ಹಳ್ಳಿಗಳ ಭಜನಾ ಮೇಳಗಳ ತತ್ವಪದಗಳನ್ನು ಧ್ವನಿಮುದ್ರಿಸಿ, ಲ್ಯಾಪ್‌ಟಾಪಿನಲ್ಲಿ ಹದಗೊಳಿಸಿ ಕೊಡುವ ಹವ್ಯಾಸ. ಹದಗೊಳಿಸುವುದು ಎಂದರೆ ದನಿ, ಹಾರ್ಮೋನಿಯಂ, ತಬಲಾ, ದಮ್ಮಡಿ ಎಂಬ ಚರ್ಮವಾದ್ಯ, ತಾಳ ಇವುಗಳಲ್ಲಿ ಯಾವುದು ಎಷ್ಟು ಕೇಳಬೇಕೆಂದು ಒಂದಕ್ಕೊಂದು ಹೊಂದಿಸುವುದು. ಈ ಕೆಲಸವನ್ನು ನಾನು ಹೆಡ್‌ಫೋನ್ ಹಾಕಿಕೊಂಡು ಮಾಡುತ್ತಿದ್ದೆ. ಆದರೆ ನಮ್ಮ ಕಡೆ ಪದಗಳನ್ನು ಹೆಡ್‌ಫೋನಿನಲ್ಲಿ ಕೇಳುವವರು ಕಡಿಮೆ. ಅವು ಮೊಳಗುವುದು ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ, ಜಾತ್ರೆಗೆ ಹೊರಟ ಜೀಪಿನಲ್ಲಿ. ಯಲಬುರ್ಗಾ ತಾಲ್ಲೂಕಿನ ಒಂದು ಮೇಳದ ಮುಖ್ಯ ಹಾಡುಗಾರರಾದ ಅಜ್ಜ ಒಂದು ದಿನ ಫೋನ್ ಮಾಡಿ, "ತಮ್ಮಾ, ನಿನ್ನ ಮನ್ಯಾಗ ಕೇಳಿದಾಗ ಪದ ಚಲೋ ಇತ್ತು. ನಮ್ಮ ಟ್ರ್ಯಾಕ್ಟರ್‌ನ್ಯಾಗ ಹಾಕಿದ್ರ ದಮ್ಮಡಿ ಒಂದ ಕೇಳತೈತಿ, ನನ್ನ ದನಿ ಎಲ್ಲಿ ಹೋತೋ ಏನೋ" ಎಂದರು. ಎಪ್ಪತ್ತು ದಾಟಿದ ಹಿರಿಯರು ಹೀಗೆ ಹೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಟ್ರ್ಯಾಕ್ಟರ್ ನನ್ನಲ್ಲಿಲ್ಲ, ಕಾರಿದೆ. ಹೊಸಪೇಟೆಯಲ್ಲಿ ಎರಡು ವರ್ಷದ ಹಿಂದೆ ಕೊಂಡ ಹಳೆಯ ಸಣ್ಣ ಕಾರು. ಕಾರಿನ ಒಳಗಿನ ಜಾಗ ಚಿಕ್ಕದಾದ್ದರಿಂದ ತಗ್ಗಿನ ಸಪ್ಪಳ ಅಲ್ಲಿ ತಾನಾಗಿಯೇ ಉಬ್ಬಿಕೊಳ್ಳುತ್ತದೆ. ಬಾಗಿಲಿನ ಸ್ಪೀಕರುಗಳು ಕಿವಿಗಲ್ಲದೆ ಮೊಣಕಾಲಿಗೆ ಹಾಡು ಕೇಳಿಸುತ್ತವೆ. ಹೆಡ್‌ಫೋನಿನಲ್ಲಿ ಮುಚ್ಚಿಹೋಗುವ ತಪ್ಪು ಅಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು ಕಾರಿಗೇ ಜೋಡಿಸಿ, ಕಾರಿನಲ್ಲೇ ಕೂತು, ಕೇಳುತ್ತಲೇ ತಿದ್ದಬೇಕೆಂದು ನಿಶ್ಚಯಿಸಿದೆ.

ಪೆನ್‌ಡ್ರೈವಿಗೆ ಹಾಕಿ ಕೇಳಬಾರದೇ ಎಂದು ಎಲ್ಲರೂ ಕೇಳಿದರು, ನಾನೂ ಮೊದಲು ಮಾಡಿದ್ದು ಅದನ್ನೇ. ಹೊಸದಾಗಿ ಕೊಂಡ 64 ಜಿಬಿಯ ಪೆನ್‌ಡ್ರೈವನ್ನು ಸ್ಟೀರಿಯೊ ಗುರುತಿಸಲೇ ಇಲ್ಲ, ಏಕೆಂದರೆ ಅಷ್ಟು ದೊಡ್ಡವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಹಳೆಯ ಕಾರ್ ಸೆಟ್ಟುಗಳಿಗೆ ಫ್ಯಾಟ್32 ಮಾತ್ರ ಗೊತ್ತು. ಮನೆಯಲ್ಲಿದ್ದ 8 ಜಿಬಿಯ ಹಳೆಯದು ಸಲೀಸಾಗಿ ಓಡಿತು, ಅದೂ ಎಂಪಿ3 ಕಡತ ಮಾತ್ರ. ಸದ್ದನ್ನು ಕುಗ್ಗಿಸದೆ ಇಡುವ ವೇವ್ ಕಡತವನ್ನು ಸ್ಟೀರಿಯೊ ತೋರಿಸಲೇ ಇಲ್ಲ. ಕೇಳುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದೆಲ್ಲ ನಿಮಗೆ ಬೇಡ. ನನಗೆ ಮಾತ್ರ ದಮ್ಮಡಿಯನ್ನು ಒಂದು ಕೂದಲೆಳೆ ತಗ್ಗಿಸಿದರೂ ಕಡತವನ್ನು ಹೊಸದಾಗಿ ಮಾಡಿ, ಪೆನ್‌ಡ್ರೈವಿಗೆ ತುಂಬಿ, ಕಾರಿಗೆ ಹೋಗಿ ಚುಚ್ಚಿ, ಅದು ಓದುವ ತನಕ ಕಾಯಬೇಕಾಗುತ್ತಿತ್ತು. ಅಷ್ಟರೊಳಗೆ ಹಿಂದಿನದು ಹೇಗಿತ್ತೆಂಬುದೇ ಮರೆತುಹೋಗುತ್ತಿತ್ತು. ಕಿವಿಯ ನೆನಪು ಬಹಳ ಗಿಡ್ಡದು.

ಎರಡನೆಯ ಪ್ರಯತ್ನ ಬ್ಲೂಟೂತ್. ಸ್ಟೀರಿಯೊ ಮುಖದ ಮೇಲೆ ಬ್ಲೂಟೂತ್ ಗುರುತು ಇತ್ತು, ಲ್ಯಾಪ್‌ಟಾಪಿನೊಂದಿಗೆ ಜೋಡಿಯೂ ಆಯಿತು, ಆದರೆ ಹಾಡು ಮಾತ್ರ ಟೆಲಿಫೋನಿನ ಆಚೆಯಿಂದ ಬಂದಂತೆ ಸಣಕಲಾಗಿ ಕೇಳಿಸಿತು. ಬ್ಲೂಟೂತಿನಲ್ಲಿ ಕರೆಗೊಂದು, ಸಂಗೀತಕ್ಕೊಂದು ಬೇರೆ ಬೇರೆ ವ್ಯವಸ್ಥೆಗಳಿವೆ. ಕರೆಯದ್ದು ಎಚ್‌ಎಫ್‌ಪಿ, ಸಂಗೀತದ್ದು ಎ2ಡಿಪಿ. ನನ್ನ ಸ್ಟೀರಿಯೊದಲ್ಲಿದ್ದದ್ದು ಮೊದಲನೆಯದು ಮಾತ್ರ. ಅದು ಎಡಬಲಗಳೆರಡನ್ನೂ ಬೆರೆಸಿ ಒಂದೇ ಮಾಡಿ, ಮಾತು ತಿಳಿಯಲು ಎಷ್ಟು ಬೇಕೋ ಅಷ್ಟೇ ಸ್ವರವನ್ನು ಸಾಗಿಸುತ್ತದೆ. ಸಂಗೀತದ ವ್ಯವಸ್ಥೆ ಇರುವ ಸೆಟ್ಟುಗಳಲ್ಲಿಯೂ ಒತ್ತಿದ ಗುಂಡಿಗೂ ಕೇಳುವ ಸದ್ದಿಗೂ ಸೆಕೆಂಡಿನ ಒಂದು ಭಾಗದಷ್ಟು ಅಂತರ ಉಳಿಯುವುದರಿಂದ, ತಿದ್ದುಪಡಿ ಕೆಲಸಕ್ಕೆ ತಂತಿಯೇ ಲೇಸು.

ಮೂರನೆಯದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಸ್ಟೀರಿಯೊದಲ್ಲಿ ಯುಎಸ್‌ಬಿ ಕಿಂಡಿ ಇದೆ, ಲ್ಯಾಪ್‌ಟಾಪಿನಲ್ಲಿಯೂ ಇದೆ, ಎರಡೂ ತುದಿ ಒಂದೇ ರೀತಿ ಇರುವ ಕೇಬಲ್ ತಂದರಾಯಿತು ಎಂದುಕೊಂಡು ಜವಾಹರ ರಸ್ತೆಯ ಮೊಬೈಲ್ ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ತಂದೆ. ಏನೂ ಆಗಲಿಲ್ಲ, ಮತ್ತು ಏನೂ ಆಗದಿದ್ದದ್ದೇ ನನ್ನ ಪುಣ್ಯ. ಯುಎಸ್‌ಬಿಯಲ್ಲಿ ಒಂದು ಯಜಮಾನ, ಇನ್ನೊಂದು ಆಳು. ಲ್ಯಾಪ್‌ಟಾಪೂ ಯಜಮಾನ, ಸ್ಟೀರಿಯೊ ಕೂಡ ಯಜಮಾನ. ಇಬ್ಬರೂ ಅಪ್ಪಣೆ ಕೊಡುವವರೇ ಆದಾಗ ಕೆಲಸ ಯಾರು ಮಾಡಬೇಕು? ಮೇಲಾಗಿ ಎರಡೂ ಕಡೆಯಿಂದ 5 ವೋಲ್ಟ್ ವಿದ್ಯುತ್ತು ಹೊರಬರುತ್ತದೆ, ಒಂದಕ್ಕೊಂದು ಎದುರಾದರೆ ಕಿಂಡಿ ಸುಟ್ಟುಹೋಗುವ ಸಂಭವವೂ ಇದೆ. ಆ ಕೇಬಲ್ಲನ್ನು ಯಾರ ಕೈಗೂ ಸಿಗಬಾರದೆಂದು ಕತ್ತರಿಸಿ ಎಸೆದಿದ್ದೇನೆ.

ಉಳಿದದ್ದು ಆಕ್ಸ್, ಅಂದರೆ ಹೊರಗಿನ ಸದ್ದನ್ನು ತಂತಿಯಿಂದ ಸ್ಟೀರಿಯೊಗೆ ಕೊಡುವ ಕಿಂಡಿ. ಹೆಡ್‌ಫೋನ್ ತೂರುವಂಥ 3.5 ಮಿಲಿಮೀಟರಿನ ಸಣ್ಣ ತೂತು ಗೇರಿನ ಮುಂದೆ ಧೂಳು ತುಂಬಿಕೊಂಡು ಕುಳಿತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ, 120 ರೂಪಾಯಿಯ ಕೇಬಲ್ಲಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿ ಅಜ್ಜನ ಪದ ಹಚ್ಚಿದೆ. ಹಾರ್ಮೋನಿಯಂ ಬಂತು, ತಾಳ ಬಂತು, ಆದರೆ ಅಜ್ಜನ ದನಿ ಇರಲಿಲ್ಲ. ಸಣ್ಣದಾಗಿ ಅಲ್ಲ, ಇರಲೇ ಇಲ್ಲ. ದೂರದ ಬಾವಿಯೊಳಗಿಂದ ಬಂದ ಮಾರ್ದನಿಯ ಹಾಗೆ ಅದರ ನೆರಳು ಮಾತ್ರ ಇತ್ತು. "ನನ್ನ ದನಿ ಎಲ್ಲಿ ಹೋತೋ" ಎಂದು ಅವರು ಕೇಳಿದ್ದು ಇದನ್ನೇ ಇರಬೇಕೆಂದು ಆ ಗಳಿಗೆಯಲ್ಲಿ ನಾನು ನಂಬಿಬಿಟ್ಟೆ. ಆ ರಾತ್ರಿಯೂ ಮಾರನೆಯ ರಾತ್ರಿಯೂ ಕೂತು, ನನ್ನ ಮುದ್ರಣದಲ್ಲೇ ದೋಷವಿದೆಯೆಂದು ತಿಳಿದು, ಸರಿಯಾಗಿಯೇ ಇದ್ದ ಆರು ಪದಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ.

ದೋಷ ಕೇಬಲ್ಲಿನಲ್ಲಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಲಕ್ಷಣವನ್ನು ಗುರುತಿಸಲು ಬಾರದೆ ಸ್ಟೀರಿಯೊವನ್ನೇ ಬದಲಿಸಿದವರು ನನಗೆ ಗೊತ್ತಿದ್ದಾರೆ. ಕೇಬಲ್ಲಿನ ಪಿನ್ನಿನ ಮೇಲೆ ಕಪ್ಪು ಉಂಗುರಗಳಿರುತ್ತವೆ. ಎರಡು ಉಂಗುರವಿದ್ದರೆ ಪಿನ್ನು ಮೂರು ಭಾಗವಾಗಿರುತ್ತದೆ: ಎಡ, ಬಲ, ಮತ್ತು ಎರಡಕ್ಕೂ ಒಂದೇ ಮರಳುದಾರಿಯಾದ ಅರ್ಥಿಂಗ್. ಮೂರು ಉಂಗುರವಿದ್ದರೆ ನಾಲ್ಕು ಭಾಗ, ನಾಲ್ಕನೆಯದು ಮೈಕಿಗೆ. ನಾನು ತಂದದ್ದು ಮೂರು ಉಂಗುರದ್ದು. ಕಾರಿನ ತೂತು ಮೂರು ಭಾಗದ ಪಿನ್ನಿಗಾಗಿ ಮಾಡಿದ್ದು. ಅದು ಅರ್ಥಿಂಗ್ ಎಂದು ತಿಳಿದು ಹಿಡಿದುಕೊಂಡದ್ದು ಮೈಕಿನ ಭಾಗವನ್ನು. ಹಾಗಾಗಿ ನಿಜವಾದ ಅರ್ಥಿಂಗ್ ತೂಗುಬಿದ್ದಿತು. ಅದಿಲ್ಲದಾಗ ಸ್ಪೀಕರಿಗೆ ತಲುಪುವುದು ಎಡದಿಂದ ಬಲವನ್ನು ಕಳೆದ ಶೇಷ ಮಾತ್ರ. ಹಾಡುಗಾರನ ದನಿಯನ್ನು ನಾವು ನಡುವೆ, ಅಂದರೆ ಎಡಬಲಗಳೆರಡಕ್ಕೂ ಸಮವಾಗಿ ಇಟ್ಟಿರುತ್ತೇವೆ. ಸಮವಾದದ್ದರಿಂದ ಸಮವಾದದ್ದನ್ನು ಕಳೆದರೆ ಸೊನ್ನೆ. ಒಂದು ಪಕ್ಕಕ್ಕೆ ಸರಿಸಿಟ್ಟ ಹಾರ್ಮೋನಿಯಂ, ತಾಳ, ಮಾರ್ದನಿ ಇವು ಮಾತ್ರ ಉಳಿಯುತ್ತವೆ. ಪಿನ್ನನ್ನು ಒಂದು ಕೂದಲೆಳೆ ಹೊರಗೆಳೆದಾಗ ಅಜ್ಜನ ದನಿ ದಿಢೀರನೆ ಬಂದದ್ದರಿಂದ ನನಗೆ ಗುಟ್ಟು ತಿಳಿಯಿತು. ಎರಡು ಉಂಗುರದ, ಸ್ವಲ್ಪ ದಪ್ಪನೆಯ ಕೇಬಲ್ಲಿಗೆ 250 ರೂಪಾಯಿ ಕೊಟ್ಟೆ. ಅದನ್ನು ಸಿಕ್ಕಿಸಿದೊಡನೆ ದನಿ ತುಂಬಿಕೊಂಡು ಬಂತು. ಕೊಳ್ಳುವಾಗ ಅಂಗಡಿಯವನನ್ನು ಕೇಳಬೇಡಿ, ಉಂಗುರ ಎಣಿಸಿ.

ಇಲ್ಲಿಗೆ ಏಳು ದಿನ. ಕೆಲಸ ಮುಗಿಯಿತೆಂದೇ ಎಣಿಸಿದೆ. ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಒಂದೂಕಾಲು ತಾಸಿನ ಮೇಲೆ ನಿಲ್ಲುವುದಿಲ್ಲ. ಕಾರಿನ ಲೈಟರ್ ಸಾಕೆಟ್ಟಿಗೆ ಹಾಕುವ, 12 ವೋಲ್ಟನ್ನು 19 ವೋಲ್ಟಿಗೆ ಏರಿಸುವ ಚಾರ್ಜರನ್ನು 1,450 ರೂಪಾಯಿಗೆ ತರಿಸಿದೆ. 65 ವ್ಯಾಟಿನ ಚಾರ್ಜರ್ ಸುಮಾರು 6 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಫ್ಯೂಸು 10 ಆಂಪಿಯರಿನದೋ 15ರದೋ ಎಂದು ಮೊದಲು ನೋಡಿಕೊಂಡೆ, ಅಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಎಂಜಿನ್ ಚಾಲೂ ಮಾಡಿ, ಚಾರ್ಜರ್ ಹಾಕಿ, ಪದ ಹಚ್ಚಿದರೆ ಹಾಡಿನ ಹಿಂದೆ "ಕುಂಯ್" ಎಂಬ ಸಪ್ಪಳ. ಎಕ್ಸಲರೇಟರ್ ಒತ್ತಿದಂತೆ ಅದೂ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಜ್ಜನ ಏರುದನಿಯೊಂದಿಗೆ ನನ್ನ ಕಾರೂ ಹಿಮ್ಮೇಳ ಹಾಡುತ್ತಿರುವಂತಿತ್ತು.

ನಾನು ಆಗ ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಚಾರ್ಜರನ್ನು ಕಿತ್ತು ನೋಡುವುದು. ಅದನ್ನು ಮಾಡದೆ ಗದಗ ರಸ್ತೆಯಲ್ಲಿರುವ ವಾಹನಗಳ ಎಲೆಕ್ಟ್ರಿಷಿಯನ್ ಒಬ್ಬರ ಶೆಡ್ಡಿಗೆ ಕಾರು ಒಯ್ದೆ. ಅವರು ಎರಡು ಸಲ ಎಕ್ಸಲರೇಟರ್ ಒತ್ತಿ ಕೇಳಿ, "ಡೈನಮೊದಾಗಿನ ಡಯೋಡ್ ಹೋಗೇತಿ ಸರ, ಅದಕ್ಕ ಕುಂಯ್‌ಗುಡ್ತೈತಿ" ಎಂದರು. ಅವರ ಮಾತನ್ನು ಹುಸಿಯೆನ್ನಲಾರೆ. ನಾವು ಡೈನಮೊ ಎಂದು ಕರೆಯುವ, ಎಂಜಿನ್ ಓಡುವಾಗ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟರೂ ಇಂಥದೇ ಸಪ್ಪಳ ಬರುತ್ತದೆ. ಆದರೆ ಹಾಗೆ ಕೆಟ್ಟಿದ್ದರೆ ರೇಡಿಯೊ ಕೇಳುವಾಗಲೂ ಬರುವ ಸಂಭವ ಹೆಚ್ಚು. ನನ್ನಲ್ಲಿ ರೇಡಿಯೊ ಶುದ್ಧವಾಗಿತ್ತು. ಆ ವ್ಯತ್ಯಾಸವನ್ನು ಅವರಿಗೆ ಹೇಳಲು ನನಗೆ ತೋಚಲಿಲ್ಲ. ಅವರು ಪರೀಕ್ಷೆಗೆಂದು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿದರು, ತುಕ್ಕು ಒರೆಸಿದರು, ಮತ್ತೆ ಹಾಕಿದರು. ಎಂಜಿನ್ ಓಡುವಾಗ ಮೀಟರು 14.1 ವೋಲ್ಟ್ ತೋರಿಸಿತು, ಅದು ಇರಬೇಕಾದಷ್ಟೇ. "ಡೈನಮೊ ಚಲೋ ಐತ್ರಿ" ಎಂದು 200 ರೂಪಾಯಿ ತೆಗೆದುಕೊಂಡರು. ಮನೆಗೆ ಹೊರಟು ಸ್ಟೀರಿಯೊ ಹಚ್ಚಿದರೆ ಪರದೆಯ ಮೇಲೆ ಒಂದೇ ಪದ: "ಕೋಡ್".

ಕಳುವಾದ ಸ್ಟೀರಿಯೊ ಕಳ್ಳನಿಗೆ ಉಪಯೋಗವಾಗಬಾರದೆಂದು ಕೆಲವು ಕಂಪನಿಗಳು ಅದರೊಳಗೆ ಒಂದು ಗುಪ್ತ ಸಂಖ್ಯೆ ಇಟ್ಟಿರುತ್ತವೆ. ವಿದ್ಯುತ್ತು ಸಂಪೂರ್ಣ ಕಡಿದುಹೋದರೆ, ಮರಳಿ ಬಂದಾಗ ಅದು ಆ ಸಂಖ್ಯೆಯನ್ನು ಕೇಳುತ್ತದೆ. ಸಂಖ್ಯೆ ಬರೆದ ಸಣ್ಣ ಕಾರ್ಡು ಹೊಸ ಕಾರಿನ ಕೈಪಿಡಿಯ ಜೊತೆ ಬರುತ್ತದೆ. ನನ್ನದು ಎರಡನೆಯ ಕೈಯ ಕಾರು. ಕೈಪಿಡಿಯ ಚೀಲದಲ್ಲಿ ಹಳೆಯ ಟೋಲ್ ಚೀಟಿಗಳೂ ಒಂದು ಹುಲಿಗೆಮ್ಮನ ಫೋಟೊವೂ ಇದ್ದವು, ಕಾರ್ಡು ಇರಲಿಲ್ಲ. ನಾನು ಅವಸರಗೇಡಿಯಾಗಿ 0000, 1234 ಎಂದು ಊಹಿಸಿ ಒತ್ತಿದೆ. ಮೂರನೆಯ ತಪ್ಪಿಗೆ ಅದು ಗುಂಡಿಗಳಿಗೆ ಓಗೊಡುವುದನ್ನೇ ನಿಲ್ಲಿಸಿತು. ಇಂಥ ಸೆಟ್ಟುಗಳಲ್ಲಿ ಹಲವು, ಚಾವಿಯನ್ನು ತಿರುವಿಟ್ಟು ಸುಮಾರು ಒಂದು ತಾಸು ಕಾಯಿಸಿದ ಮೇಲೆಯೇ ಮತ್ತೊಂದು ಅವಕಾಶ ಕೊಡುತ್ತವೆ. ಬೀಗ ಬಿದ್ದಾಗ ರೇಡಿಯೊ ಮಾತ್ರವಲ್ಲ, ಆಕ್ಸ್ ಕೂಡ ಸತ್ತಂತೆಯೇ. ದಯವಿಟ್ಟು ಊಹಿಸಬೇಡಿ.

ಆ ಕಂಪನಿಯ ಸರ್ವೀಸ್ ಸೆಂಟರ್ ನನಗೆ ಅನುಕೂಲವಾಗಿದ್ದದ್ದು ಬಳ್ಳಾರಿಯಲ್ಲಿ. ಕಾರು ತರುವ ಅಗತ್ಯವಿಲ್ಲ, ಕಾಗದ ಪತ್ರ ಸಾಕು ಎಂದು ಫೋನಿನಲ್ಲಿ ಹೇಳಿದ್ದರಿಂದ ರಜೆ ಹಾಕಿ ರೈಲಿನಲ್ಲಿ ಹೋದೆ. ಆರ್‌ಸಿ ನಕಲು, ವಿಮೆಯ ನಕಲು, ಆಧಾರ್ ನಕಲು, ಕೈಬರಹದ ಅರ್ಜಿ ಎಲ್ಲ ಇಟ್ಟುಕೊಂಡಿದ್ದೆ. ಕೌಂಟರಿನ ಹುಡುಗಿ ಎಲ್ಲವನ್ನೂ ನೋಡಿ, "ಸರ್, ರೇಡಿಯೊ ಸೀರಿಯಲ್ ನಂಬರ್ ಎಲ್ಲಿದೆ?" ಎಂದಳು. ಅದು ಸ್ಟೀರಿಯೊದ ಮೈಗೆ ಅಂಟಿಸಿದ ಚೀಟಿಯ ಮೇಲೆ ಇರುತ್ತದಂತೆ. ನೋಡಬೇಕಾದರೆ ಸ್ಟೀರಿಯೊವನ್ನು ಹೊರಗೆ ಎಳೆಯಬೇಕು. ಇದನ್ನು ಫೋನಿನಲ್ಲಿಯೇ ಹೇಳಬಹುದಿತ್ತಲ್ಲವೇ ಎಂದದ್ದಕ್ಕೆ, ಫೋನಿನಲ್ಲಿ ಮಾತಾಡಿದವರು ಬೇರೆ ವಿಭಾಗದವರು ಎಂಬ ಉತ್ತರ ಬಂತು. ನಾನು ಸಿಟ್ಟು ಮಾಡಲಿಲ್ಲ. ಸ್ಟೇಷನ್ನಿನ ಹೊರಗೆ ಮಂಡಕ್ಕಿ ಮಿರ್ಚಿ ತಿಂದು ಮರಳಿದೆ.

ಸ್ಟೀರಿಯೊ ಹೊರತೆಗೆಯುವುದಕ್ಕೆ ಅದೇ ಎಲೆಕ್ಟ್ರಿಷಿಯನ್ನರ ಹತ್ತಿರ ಹೋದೆ. ಅವರಿಗೂ ಬೇಸರವಾಗಿತ್ತು, ಕೋಡಿನ ವಿಷಯ ತಮಗೆ ಗೊತ್ತಿರಲಿಲ್ಲವೆಂದು ಎರಡು ಸಲ ಹೇಳಿದರು. ಮುಖದ ಎರಡೂ ಬದಿಗೆ ಎರಡೆರಡು ಸಣ್ಣ ತೂತುಗಳಿದ್ದವು. ಅದಕ್ಕೆ ಕಂಪನಿಯ ಚಾವಿ ಬೇಕು. ಅವರು ಸೈಕಲ್ ಚಕ್ರದ ಕಡ್ಡಿಗಳನ್ನು ಬಾಗಿಸಿ ಎರಡು ಕೊಂಡಿ ಮಾಡಿ ತೂರಿಸಿ, ಎರಡೂ ಕೈಯಿಂದ ಹೊರಗೆ ಹರವುತ್ತಾ ಎಳೆದರು. ಸೆಟ್ಟು ಕ್ಲಿಕ್ಕೆಂದು ಸರಿದು ಬಂತು. ನೋಡಲು ಅಷ್ಟು ಚೆಂದದ ಕೆಲಸ ಈ ಇಪ್ಪತ್ತಮೂರು ದಿನಗಳಲ್ಲಿ ಇನ್ನೊಂದಿರಲಿಲ್ಲ. ಹಿಂಬದಿಯ ತಂತಿಗಳಲ್ಲಿ ಒಂದು ಯಾವಾಗಲೂ 12 ವೋಲ್ಟ್ ಕೊಡುತ್ತಾ ಸೆಟ್ಟಿನ ನೆನಪನ್ನು ಕಾಯುತ್ತದೆ, ಇನ್ನೊಂದು ಚಾವಿ ತಿರುವಿದಾಗ ಮಾತ್ರ ಜೀವ ಕೊಡುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಸ್ಟೀರಿಯೊಗಳಲ್ಲಿ ಇವು ಸಾಮಾನ್ಯವಾಗಿ ಹಳದಿ ಮತ್ತು ಕೆಂಪು, ಅರ್ಥಿಂಗ್ ಕಪ್ಪು. ಕಾರಿನೊಂದಿಗೇ ಬಂದ ಸೆಟ್ಟಿನಲ್ಲಿ ಬಣ್ಣ ಬೇರೆ ಇರಬಹುದು, ಮೀಟರ್ ಹಿಡಿಯದೆ ನಂಬಬಾರದು. ಚೀಟಿಯ ಫೋಟೊ ತೆಗೆದುಕೊಂಡೆ. ತೆಗೆದು ಕೂರಿಸಿದ್ದಕ್ಕೆ 300 ರೂಪಾಯಿ.

ಶೆಡ್ಡಿನಲ್ಲಿದ್ದ ಇನ್ನೊಬ್ಬ ಹುಡುಗ ಸುಲಭದ ಉಪಾಯ ಹೇಳಿದ: ಸ್ಪೀಕರಿಗೆ ಹೋಗುವ ತಂತಿಯನ್ನು ಕತ್ತರಿಸಿ ಲ್ಯಾಪ್‌ಟಾಪಿನ ಕೇಬಲ್ಲನ್ನು ನೇರವಾಗಿ ಅದಕ್ಕೇ ಬೆಸೆದುಬಿಡೋಣ ಎಂದು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಹೆಡ್‌ಫೋನ್ ತೂತಿಗೆ ಬಾಗಿಲಿನ ಸ್ಪೀಕರನ್ನು ಮೊಳಗಿಸುವ ಶಕ್ತಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದಿನ ಕಾರ್ ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ತಂತಿ ಕಾರಿನ ಲೋಹದ ಮೈಗೆ ಸೇರಿದ್ದಲ್ಲ. ಪ್ಲಸ್, ಮೈನಸ್ ಎರಡರಲ್ಲಿಯೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜು ನಿಂತಿರುತ್ತದೆ. ಸೆಟ್ಟು ಚಾಲೂ ಇರುವಾಗ ಅದು ಲ್ಯಾಪ್‌ಟಾಪಿಗೆ ತಗುಲಿದರೆ ಹೋಗುವುದು ನೂರಿನ್ನೂರರ ಕೇಬಲ್ಲಲ್ಲ. ಇನ್ನೊಂದು ಅಂಗಡಿಯವರು ಎಲ್ಲವನ್ನೂ ಕಿತ್ತು ಆಂಡ್ರಾಯ್ಡ್ ಪರದೆಯ ಹೊಸ ಸ್ಟೀರಿಯೊ ಹಾಕಿಸಿಕೊಳ್ಳಿ, 9,000 ರೂಪಾಯಿ ಎಂದರು. ಆ ರಾತ್ರಿ ಮನಸ್ಸು ಅತ್ತ ಸುಮಾರು ದೂರ ಹೋಗಿ ಬಂತು. ಹೆಂಡತಿಯೇ, "ಒಂದ್ ಕೇಬಲ್ ಹಾಕಾಕ್ ಹೋಗಿ ಇಲ್ಲಿಗ್ ಬಂದೀರಿ, ಇನ್ನ ಪರದೆ ಹಾಕಿಸಿದ್ರ ಎಲ್ಲಿಗ್ ಹೋಗ್ತೀರಿ?" ಎಂದು ಕೇಳಿ ನಿಲ್ಲಿಸಿದಳು.

ಎರಡನೆಯ ಸಲ ಬಳ್ಳಾರಿಗೆ ಹೋದಾಗ ಹೊಸ ತೊಡಕು ಎದುರಾಯಿತು. ಆರ್‌ಟಿಒದಲ್ಲಿ 29, 30ನೆಯ ನಮೂನೆಗಳನ್ನು ತುಂಬಿ ಆರ್‌ಸಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಎರಡು ವರ್ಷವಾಗಿತ್ತು. ಆದರೆ ಕಂಪನಿಯ ಕಂಪ್ಯೂಟರಿನಲ್ಲಿ ಕಾರು ಇನ್ನೂ ಹಿಂದಿನವರ ಹೆಸರಿನಲ್ಲಿಯೇ ಇತ್ತು, ಒಟಿಪಿ ಅವರ ಫೋನಿಗೇ ಹೋಗುತ್ತದೆ. ಅವರ ಫೋನ್ ನಂಬರು ಬದಲಾಗಿತ್ತು. ಸರ್ಕಾರದ ಕಾಗದ ನನ್ನನ್ನು ಮಾಲೀಕನೆಂದು ಒಪ್ಪಿದರೂ ರೇಡಿಯೊ ಒಪ್ಪಲಿಲ್ಲ. ಮರಳುವ ದಾರಿಯಲ್ಲಿ ಹೊಸಪೇಟೆಯಲ್ಲಿ ಇಳಿಯಲು ಆಗಲಿಲ್ಲ. ಮುಂದಿನ ರವಿವಾರ ಮತ್ತೆ ಹೋಗಿ, ಕಾರು ಮಾರಿಸಿದ ದಲ್ಲಾಳಿಯನ್ನು ಹಿಡಿದು, ಅವನ ಮೂಲಕ ಹಿಂದಿನ ಮಾಲೀಕರ ಮನೆ ಮುಟ್ಟಿದೆ. ವಯಸ್ಸಾದ ದಂಪತಿ. ಚಹಾ ಕೊಟ್ಟು, ಮಾಲೀಕತ್ವ ಬದಲಾದುದಕ್ಕೆ ತಮ್ಮ ಒಪ್ಪಿಗೆ ಇದೆಯೆಂದು ಒಂದು ಪತ್ರ ಬರೆದು ಸಹಿ ಹಾಕಿ ಕೊಟ್ಟರು. ಆ ಕಾರಿನಲ್ಲಿ ಮಗಳ ಮದುವೆಯ ಮೆರವಣಿಗೆ ಮಾಡಿದ್ದನ್ನು ಆ ತಾಯಿ ಬಹಳ ಹೊತ್ತು ಹೇಳಿದರು. ಪತ್ರದ ಫೋಟೊವನ್ನು ವಾಟ್ಸ್ಯಾಪಿನಲ್ಲಿ ಕಳಿಸಿ, 590 ರೂಪಾಯಿ ಶುಲ್ಕ ತುಂಬಿದ ಎರಡನೆಯ ದಿನ ನಾಲ್ಕು ಅಂಕಿಗಳ ಸಂದೇಶ ಬಂತು. ಎರಡನೆಯ ಕೈಯ ಕಾರು ಕೊಳ್ಳುವವರು ಎರಡನೆಯ ಚಾವಿಯನ್ನು ಕೇಳುವಂತೆ ಈ ಕೋಡಿನ ಕಾರ್ಡನ್ನೂ ಕೇಳಿ ಪಡೆಯಬೇಕು, ಸರ್ವೀಸ್ ದಾಖಲೆಯಲ್ಲಿ ಹೆಸರು ಮತ್ತು ಫೋನನ್ನು ಆಗಲೇ ಬದಲಿಸಿಕೊಳ್ಳಬೇಕು.

ಚಾವಿ ತಿರುವಿ ಒಂದು ತಾಸು ಕಾದು, ಕೈ ನಡುಗದಂತೆ ಉಸಿರು ಹಿಡಿದು ನಾಲ್ಕು ಅಂಕಿ ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಹೊಸಪೇಟೆ ಆಕಾಶವಾಣಿಯಲ್ಲಿ ಯಾರೋ ಕೃಷಿ ಸಲಹೆ ಕೊಡುತ್ತಿರುವುದು ಕೇಳಿಸಿತು. ಕಬ್ಬಿಗೆ ನೀರು ಎಷ್ಟು ದಿನಕ್ಕೊಮ್ಮೆ ಬಿಡಬೇಕೆಂಬುದನ್ನು ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಇನ್ನು ಕುಂಯ್‌ಗುಡುವುದು ಉಳಿದಿತ್ತು. ಈ ಸಲ ಯಾರ ಬಳಿಗೂ ಹೋಗಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಚಾರ್ಜರಿನ ಪಿನ್ನನ್ನು ಲ್ಯಾಪ್‌ಟಾಪಿನಿಂದ ಕಿತ್ತೆ; ಸಪ್ಪಳ ನಿಂತಿತು. ಹಾಕಿದೆ, ಬಂತು. ಕಾರಣ ಇಷ್ಟೇ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಓಡುವಾಗ ಅದು ಕಾರಿನ ಲೋಹದ ಮೈಯನ್ನು ಮುಟ್ಟುವುದು ಒಂದೇ ದಾರಿಯಲ್ಲಿ, ಅಂದರೆ ಆಕ್ಸ್ ಕೇಬಲ್ಲಿನ ಅರ್ಥಿಂಗಿನ ಮೂಲಕ. ಚಾರ್ಜರ್ ಹಾಕಿದೊಡನೆ ಲೈಟರ್ ಸಾಕೆಟ್ಟಿನ ಮೂಲಕ ಎರಡನೆಯ ದಾರಿ ತೆರೆದುಕೊಳ್ಳುತ್ತದೆ. ಆ ಮೈಯ ಎರಡು ಜಾಗಗಳ ನಡುವೆ ಆಲ್ಟರ್ನೇಟರಿನ ಏರಿಳಿತದಿಂದ ಅತಿ ಸಣ್ಣ ವೋಲ್ಟೇಜು ಇದ್ದೇ ಇರುತ್ತದೆ. ಅದು ಈ ಸುತ್ತುದಾರಿಯಲ್ಲಿ ಹರಿದು, ಆಕ್ಸ್ ಕೇಬಲ್ಲಿನೊಳಗೆ ಸೇರಿ, ಹಾಡಿನ ಜೊತೆಗೇ ಸ್ಪೀಕರಿಗೆ ಬರುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಡೈನಮೊ ನಿರಪರಾಧಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಡಬ್ಬಿಯನ್ನು 480 ರೂಪಾಯಿಗೆ ತರಿಸಿ ಕೇಬಲ್ಲಿನ ನಡುವೆ ಸೇರಿಸಿದೆ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಾಡು ಕಾಂತಶಕ್ತಿಯ ಮೂಲಕ ದಾಟುತ್ತದೆ, ತಂತಿಯ ನಂಟು ಕಡಿಯುತ್ತದೆ. ಸಪ್ಪಳ ಪೂರ್ತಿ ಹೋಯಿತು. ಆದರೆ ಈ ಅಗ್ಗದ ಡಬ್ಬಿಗಳು ತೀರ ತಗ್ಗಿನ ಸ್ವರವನ್ನು ಸ್ವಲ್ಪ ನುಂಗುತ್ತವೆ. ಪ್ರಯಾಣದಲ್ಲಿ ಕೇಳಲು ಅಡ್ಡಿಯಿಲ್ಲ; ನನ್ನಂತೆ ದಮ್ಮಡಿಯನ್ನು ಅಳೆಯಲು ಕೂತವನಿಗೆ ಅದು ತಪ್ಪು ತಕ್ಕಡಿ. ಹಾಗಾಗಿ ತಿದ್ದುವಾಗ ಚಾರ್ಜರೂ ಇಲ್ಲ, ಡಬ್ಬಿಯೂ ಇಲ್ಲ, ಲ್ಯಾಪ್‌ಟಾಪನ್ನು ಮನೆಯಲ್ಲಿ ಪೂರ್ತಿ ತುಂಬಿಸಿಕೊಂಡು ಬರುತ್ತೇನೆ, ಒಂದೂಕಾಲು ತಾಸಿಗೆ ಎದ್ದು ಹೋಗುತ್ತೇನೆ.

ಖರ್ಚನ್ನು ಕೂಡಿಸಿದರೆ ಪ್ರಯಾಣ ಬಿಟ್ಟು 3,570 ರೂಪಾಯಿ. ಅದರಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಎರಡು ಉಂಗುರದ ಕೇಬಲ್ಲಿನ 250. ಲೆಕ್ಕ ಬರೆಯುವುದೇ ಹೊಟ್ಟೆಪಾಡಾಗಿರುವ ನನಗೆ ಈ ಸಾಲನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು.

ಜೋಡಿಸಿದ ಮೇಲಿನ ಒಂದೆರಡು ಮಾತು. ಲ್ಯಾಪ್‌ಟಾಪಿನ ವಾಲ್ಯೂಮನ್ನು ನೂರಕ್ಕೆ ಏರಿಸಬೇಡಿ, ದನಿ ಒಡೆಯುತ್ತದೆ. ತೀರ ಕೆಳಗಿಟ್ಟು ಸ್ಟೀರಿಯೊವನ್ನು ಏರಿಸಿದರೆ ಸುಯ್ಯೆಂಬ ಸದ್ದು ಹೆಚ್ಚುತ್ತದೆ. ನೂರಕ್ಕೆ ಎಪ್ಪತ್ತೈದರ ಆಸುಪಾಸಿನಲ್ಲಿಟ್ಟು ಉಳಿದದ್ದನ್ನು ಸ್ಟೀರಿಯೊಗೆ ಬಿಡಿ. ಲ್ಯಾಪ್‌ಟಾಪಿನಲ್ಲಿ ಧ್ವನಿಯನ್ನು ಚೆಂದಗಾಣಿಸುವ ಸೌಲಭ್ಯಗಳಿದ್ದರೆ ಮುಚ್ಚಿ, ಸ್ಟೀರಿಯೊದ ಬಾಸ್, ಟ್ರೆಬಲ್‌ಗಳನ್ನು ಸೊನ್ನೆಗೆ ತನ್ನಿ. ಮೇಲ್ ಬಂದಾಗಿನ ಟಿಣ್ ಸಪ್ಪಳವನ್ನೂ ಮುಚ್ಚಿ. ಏರಿಸಿದ ವಾಲ್ಯೂಮಿನಲ್ಲಿ ಅದು ಎದೆ ಒಡೆಯುವಂತೆ ಬರುತ್ತದೆ. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಕೇಳಿದರೆ ಕಾರಿನ ಬ್ಯಾಟರಿ ಬಸಿದುಹೋಗಿ, ತಳ್ಳಿ ಚಾಲೂ ಮಾಡುವ ಪ್ರಸಂಗ ಬರುತ್ತದೆ. ಇನ್ನು ನಮ್ಮ ಬಿಸಿಲು: ಬಹುಪಾಲು ಲ್ಯಾಪ್‌ಟಾಪುಗಳನ್ನು 35 ಡಿಗ್ರಿಯೊಳಗೆ ಬಳಸಲು ಹೇಳಿರುತ್ತಾರೆ, ಮಾರ್ಚಿನ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಚಹಾಕ್ಕೆ ಹೋಗುವುದು ಒಳ್ಳೆಯದಲ್ಲ. ನಾನು ಬೆಳಗಿನ ಆರರಿಂದ ಎಂಟರ ನಡುವೆ, ಕಾರು ನಿಲ್ಲಿಸಿಕೊಂಡೇ ಈ ಕೆಲಸ ಮಾಡುತ್ತೇನೆ. ಓಡಿಸುತ್ತಾ ಪರದೆ ನೋಡುವ ಮಾತೇ ಇಲ್ಲ.

ಇಪ್ಪತ್ತಮೂರನೆಯ ದಿನ ಅಜ್ಜನನ್ನು ಅವರ ಊರಿನಿಂದಲೇ ಕರೆತಂದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಪದ ಹಚ್ಚಿ, ಅವರು ಕೇಳುತ್ತಿರುವಾಗಲೇ ದಮ್ಮಡಿಯ ತಗ್ಗಿನ ಗುಂಯ್‌ಗುಟ್ಟುವ ಭಾಗವನ್ನು, ಸುಮಾರು 150 ಹರ್ಟ್ಸಿನ ಆಸುಪಾಸಿನದನ್ನು, ನಿಧಾನವಾಗಿ ಇಳಿಸಿದೆ. ದನಿಯ ಅಕ್ಷರಗಳು ಸ್ಪಷ್ಟವಾಗುವ 2,000ದಿಂದ 3,000 ಹರ್ಟ್ಸಿನ ನಡುವೆ ಒಂದಿಷ್ಟು ಏರಿಸಿದೆ. "ನಿಲ್ಲಸು ನಿಲ್ಲಸು, ಅಷ್ಟ ಸಾಕು" ಎಂದು ಅವರು ಕೈ ಎತ್ತಿದ ಜಾಗದಲ್ಲೇ ಬಿಟ್ಟೆ. ಆಮೇಲೆ ಅವರು ಹಿಂದಿನ ಸೀಟಿಗೆ ಹೋಗಿ ಕೇಳಿದರು, ಕೆಳಗಿಳಿದು ಬಾಗಿಲು ಮುಚ್ಚಿ ಹೊರಗೆ ನಿಂತು ಕೇಳಿದರು. ಸಿದ್ಧವಾದ ಹನ್ನೊಂದು ಪದಗಳನ್ನು ಎಂಪಿ3 ಮಾಡಿ, ಫ್ಯಾಟ್32 ಇದ್ದ ಆ ಹಳೆಯ 8 ಜಿಬಿಯ ಪೆನ್‌ಡ್ರೈವಿಗೆ ಹಾಕಿ ಅವರ ಕೈಗೆ ಕೊಟ್ಟೆ.

ನಿನ್ನೆ ಸಂಜೆ ಅವರ ಫೋನು ಬಂತು. ಹಿಂದೆ ಟ್ರ್ಯಾಕ್ಟರಿನ ಸದ್ದು, ಅದರ ಮೇಲೆ ಅವರದೇ ಪದ. "ದನಿ ಕೇಳಾಕತ್ತೈತಿ ತಮ್ಮಾ," ಎಂದರು, "ಆದ್ರ ನಮ್ಮ ಮೊಮ್ಮಗ ಅಂತಾನ, ದಮ್ಮಡಿ ಸ್ವಲ್ಪ ಕಡಿಮಿ ಆತಂತ."